ಹದಿನೆಂಟು ತಿಂಗಳ ಯಾಜೂ: ಒಂದು ದನಿ, ಒಂದಿಷ್ಟು ಯಂತ್ರ, ಎರಡು ಆಲ್ಬಮ್

1996ರ ಆಸುಪಾಸಿನಲ್ಲಿ ಕಾಲೇಜು ವಾರ್ಷಿಕೋತ್ಸವಕ್ಕೆ ಹೋಗಿದ್ದವರಿಗೆ 'ಮ್ಯಾಕರೀನಾ' ನೆನಪಿರುತ್ತದೆ. ಸ್ಪೇನಿನ ಆ ಹಾಡು ಜಗತ್ತಿಗೆಲ್ಲ ಹಬ್ಬಿದ್ದು ಬೇಸೈಡ್ ಬಾಯ್ಸ್ ಎಂಬವರು ಮರುಜೋಡಿಸಿದ ರೂಪದಲ್ಲಿ. ಅದರಲ್ಲಿ ಒಬ್ಬ ಹೆಂಗಸಿನ ನಗು ಕೇಳುತ್ತದೆ: ತಗ್ಗು ದನಿಯ, ತುಂಬು ಗಂಟಲಿನ ನಗು. ಅದು ಆ ಹಾಡಿಗೆಂದು ನಕ್ಕಿದ್ದಲ್ಲ. 1982ರಲ್ಲಿ ಇಂಗ್ಲೆಂಡಿನ ಯಾಜೂ ಎಂಬ ತಂಡ 'ಸಿಚುಯೇಷನ್' ಎಂಬ ಹಾಡು ಮಾಡಿತ್ತು. ಅದರಲ್ಲಿ ಗಾಯಕಿ ಆ್ಯಲಿಸನ್ ಮೊಯೆಟ್ ನಕ್ಕ ನಗುವನ್ನೇ ಎತ್ತಿ ಇಲ್ಲಿ ಕೂಡಿಸಿದ್ದರು. ತಂಡದ ಹೆಸರನ್ನೇ ಕೇಳದ ನಮ್ಮೂರಿನ ಎಷ್ಟೋ ಜನ ಆ ನಗುವನ್ನು ಕೇಳಿದ್ದಾರೆ.

ಯಾಜೂ ಬಾಳಿದ್ದು ಸುಮಾರು ಹದಿನೆಂಟು ತಿಂಗಳು. ಇದ್ದವರು ಇಬ್ಬರೇ, ಒಬ್ಬರು ಹಾಡುವವರು, ಇನ್ನೊಬ್ಬರು ಯಂತ್ರಗಳಿಂದ ಹಾಡಿಸುವವರು. ಈಗ ಬೆಂಗಳೂರಿನ ಬಾಡಿಗೆ ಕೋಣೆಯಲ್ಲೂ ಒಬ್ಬರು ಲ್ಯಾಪ್‌ಟಾಪ್ ಮುಂದೆ, ಇನ್ನೊಬ್ಬರು ಮೈಕಿನ ಮುಂದೆ ಕೂತು ಹಾಡು ಮುಗಿಸುತ್ತಾರೆ. ಈ ಇಬ್ಬರ ಪದ್ಧತಿ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೇರುಬಿಟ್ಟಿತು. ಅದು ಹೇಗೆ ಕೆಲಸ ಮಾಡುತ್ತಿತ್ತು, ಎಲ್ಲಿ ಕೈಕೊಡುತ್ತಿತ್ತು ಎಂದು ತಿಳಿಯಲು ಯಾಜೂವಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ತಂಡವನ್ನು ಅಷ್ಟು ಬೇಗ ಮೇಲೆತ್ತಿದ್ದೂ ಅಷ್ಟೇ ಬೇಗ ಮುಗಿಸಿದ್ದೂ ಒಂದೇ ಕೆಲಸದ ರೀತಿ.

## ಸಿಂಥ್‌ಪಾಪ್ ಅಂದರೆ

ಹಾಡು ಕೇಳುವ ಆ್ಯಪ್‌ಗಳಲ್ಲಿ 'ಸಿಂಥ್‌ಪಾಪ್' ಎಂಬ ವಿಭಾಗ ಇರುತ್ತದೆ. ಪಾಪ್ ಎಂದರೆ ಮೂರು–ನಾಲ್ಕು ನಿಮಿಷದ, ಪಲ್ಲವಿ ಬೇಗ ಬಾಯಿಗೆ ಬರುವ ಹಾಡು. ಸಿಂಥ್ ಎಂದರೆ ಸಿಂಥಸೈಜರ್, ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ. ಗಿಟಾರ್, ಡ್ರಮ್ಸ್ ಮುಂತಾದವನ್ನು ಬದಿಗಿಟ್ಟು ಹಾಡಿನ ಹೆಚ್ಚುಪಾಲು ನಾದವನ್ನು ಸಿಂಥಸೈಜರಿನಿಂದಲೇ ಹೊರಡಿಸಿದರೆ ಅದು ಸಿಂಥ್‌ಪಾಪ್.

ಗಿಟಾರಿನವನು, ಡ್ರಮ್ಸಿನವನು, ತಗ್ಗು ಸ್ವರ ನುಡಿಸುವ ಬಾಸಿನವನು, ಹಾಡುಗಾರ ಒಟ್ಟಿಗೆ ನಿಂತು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ ರಾಕ್ ತಂಡ ಸಿದ್ಧವಾಗುತ್ತಿತ್ತು. ಸಿಂಥಸೈಜರ್ ಮತ್ತು ಅದನ್ನು ನುಡಿಸುವ ಗಣಕ ಬಂದ ಮೇಲೆ ಆ ನಾಲ್ಕು ಜನರ ಕೆಲಸವನ್ನು ಒಬ್ಬರೇ, ಒಂದೊಂದಾಗಿ, ತಮಗೆ ಬೇಕಾದ ಹೊತ್ತಿನಲ್ಲಿ ಮಾಡುವ ಹಾಗಾಯಿತು.

## ಬ್ಯಾಸಿಲ್ಡನ್ ಎಂಬ ಊರು

ಲಂಡನ್ನಿನ ಪೂರ್ವಕ್ಕೆ, ಎಸೆಕ್ಸ್ ಪ್ರಾಂತದಲ್ಲಿ ಬ್ಯಾಸಿಲ್ಡನ್ ಇದೆ. ಎರಡನೆಯ ಮಹಾಯುದ್ಧದ ಬಳಿಕ ಪೂರ್ವ ಲಂಡನ್ನಿನ ಕುಟುಂಬಗಳಿಗೆ ಮನೆ ಒದಗಿಸಲು ಸರ್ಕಾರ ಗುರುತಿಸಿ ಕಟ್ಟಿಸಿದ ಹೊಸ ಊರುಗಳಲ್ಲಿ ಇದೂ ಒಂದು. ಗುರುತಿಸಿದ್ದು 1949ರಲ್ಲಿ. 1964ರಲ್ಲಿ ಫೋರ್ಡ್ ಇಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ತೆರೆಯಿತು. ಸಾಲು ಮನೆ, ಕಾರ್ಖಾನೆ, ಹೊಸ ಪೇಟೆ. ನಮ್ಮಲ್ಲಿ ಭದ್ರಾವತಿಯ ಕಾರ್ಖಾನೆ ಬಡಾವಣೆಯನ್ನೋ ಬೆಂಗಳೂರಿನ ಎಚ್‌ಎಎಲ್ ಸುತ್ತಲಿನ ವಸತಿಯನ್ನೋ ನೆನೆದರೆ ಅಂದಾಜು ಸಿಗುತ್ತದೆ.

ಇದೇ ಊರಿನ ಹುಡುಗರು 1980ರಲ್ಲಿ ಡೆಪೆಷ್ ಮೋಡ್ ತಂಡ ಕಟ್ಟಿದರು. ಆರಂಭದ ಹೆಚ್ಚಿನ ಹಾಡುಗಳನ್ನು ಬರೆದವರು ವಿನ್ಸ್ ಕ್ಲಾರ್ಕ್. 1981ರಲ್ಲಿ ಅವರ 'ಜಸ್ಟ್ ಕಾಂಟ್ ಗೆಟ್ ಎನಫ್' ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಬಂತು, ಮೊದಲ ಆಲ್ಬಮ್ 10ನೇ ಸ್ಥಾನಕ್ಕೆ. ಅದೇ ವರ್ಷದ ಕೊನೆಗೆ ಕ್ಲಾರ್ಕ್ ತಂಡ ಬಿಟ್ಟರು. ಊರೂರು ತಿರುಗುವ ಪ್ರವಾಸ, ಸಂದರ್ಶನ, ಫೋಟೋ ಇವೆಲ್ಲ ಅವರಿಗೆ ಒಗ್ಗಿರಲಿಲ್ಲ. ಹಾಡು ಕಟ್ಟುವುದು ಬೇಕಿತ್ತು, ಹಾಡಿನ ಸುತ್ತಲಿನ ಗಲಾಟೆ ಬೇಡವಾಗಿತ್ತು.

ಆ್ಯಲಿಸನ್ ಮೊಯೆಟ್ ಸಹ ಬ್ಯಾಸಿಲ್ಡನ್ನಿನವರೇ, ಕ್ಲಾರ್ಕ್‌ಗಿಂತ ಒಂದು ವರ್ಷ ಚಿಕ್ಕವರು. ಆದರೆ ಅವರ ದಾರಿ ಪೂರ್ತಿ ಬೇರೆ. ಎಸೆಕ್ಸ್ ಕರಾವಳಿಯ ಪಬ್‌ಗಳಲ್ಲಿ ಗಿಟಾರಿನ ಬ್ಲೂಸ್ (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ, ನೋವು ತೋಡಿಕೊಳ್ಳುವ ಹಾಡಿನ ಬಗೆ) ಮತ್ತು ರಾಕ್ ಜೋರಾಗಿದ್ದ ಕಾಲ ಅದು. ಮೊಯೆಟ್ ಅಂಥ ಸ್ಥಳೀಯ ತಂಡಗಳಲ್ಲಿ ಹಾಡುತ್ತಿದ್ದರು. ಬ್ಲೂಸ್ ತಂಡ ಕಟ್ಟಲು ಜೊತೆಗಾರರು ಬೇಕೆಂದು ಅವರು 'ಮೆಲೊಡಿ ಮೇಕರ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅದನ್ನು ನೋಡಿ ಸಂಪರ್ಕಿಸಿದವರು ಬ್ಲೂಸಿನ ಗಿಟಾರ್ ವಾದಕರಲ್ಲ, ಸಿಂಥಸೈಜರಿನ ಕ್ಲಾರ್ಕ್. ಅವರ ಬಳಿ 'ಓನ್ಲಿ ಯೂ' ಎಂಬ ಹೊಸ ಹಾಡಿತ್ತು, ಅದನ್ನು ರೆಕಾರ್ಡ್ ಕಂಪನಿಗೆ ಕೇಳಿಸಲು ಒಂದು ದನಿ ಬೇಕಿತ್ತು. ಇಬ್ಬರಿಗೂ ಪರಸ್ಪರ ಮುಖಪರಿಚಯವಿತ್ತು, ಗೆಳೆತನವಿರಲಿಲ್ಲ. ಮುಂದೆ ಆದದ್ದೆಲ್ಲ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಅರ್ಥವಾಗುತ್ತದೆ.

ಯಾಜೂ ಎಂಬ ಹೆಸರು ಬಂದಿದ್ದು ಹಳೆಯ ಬ್ಲೂಸ್ ಹಾಡುಗಳನ್ನು ಮರುಪ್ರಕಟಿಸುತ್ತಿದ್ದ ಅಮೆರಿಕದ ಒಂದು ರೆಕಾರ್ಡ್ ಕಂಪನಿಯಿಂದ. ಅಮೆರಿಕದಲ್ಲಿ ಅದೇ ಹೆಸರು ಬಳಸಿದರೆ ತಕರಾರಾಗುತ್ತದೆಂದು ಅಲ್ಲಿ ಮಾತ್ರ 'ಯಾಜ್' ಎಂದು ಕತ್ತರಿಸಿಕೊಂಡರು. ಅಲ್ಲಿನ ಕೇಳುಗರು ಇವತ್ತಿಗೂ ಹಾಗೇ ಕರೆಯುತ್ತಾರೆ.

## ಸಿಂಥಸೈಜರಿನ ಹೊಟ್ಟೆಯೊಳಗೆ

ಯಾಜೂ ಹಾಡುಗಳಲ್ಲಿ ಕೇಳುವ ಯಂತ್ರಗಳಲ್ಲಿ ಮುಖ್ಯವಾದದ್ದು ಸೀಕ್ವೆನ್ಶಿಯಲ್ ಸರ್ಕಿಟ್ಸ್ ಕಂಪನಿಯ ಪ್ರೊ-ಒನ್. 1981ರಲ್ಲಿ ಮಾರುಕಟ್ಟೆಗೆ ಬಂದದ್ದು. ಮೂರು ಸ್ಥಾಯಿಯ, 37 ಮನೆಗಳ ಕೀಬೋರ್ಡು. ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತದೆ. ಹಾರ್ಮೋನಿಯಂನಲ್ಲಿ ಮೂರು ಮನೆ ಒಟ್ಟಿಗೆ ಒತ್ತಿದರೆ ಮೂರು ಸ್ವರ ಬರುತ್ತವೆ. ಪ್ರೊ-ಒನ್ ಕೊಳಲಿನಂತೆ, ಎಷ್ಟು ಮನೆ ಒತ್ತಿದರೂ ಒಂದೇ.

ಒಳಗೆ ನಾದ ಮೂರು ಹಂತ ದಾಟಿ ಬರುತ್ತದೆ.

ಮೊದಲನೆಯದು ಆಸಿಲೇಟರ್, ಅಂದರೆ ನಾದದ ಹುಟ್ಟು. ಹಾರ್ಮೋನಿಯಂನಲ್ಲಿ ರೀಡ್ ಅದುರುವಂತೆ ಇಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಪ್ರೊ-ಒನ್‌ನಲ್ಲಿ ಇಂಥವು ಎರಡು. ಏರಿಳಿತದ ಆಕಾರಕ್ಕೆ ತಕ್ಕಂತೆ ನಾದದ ಬಣ್ಣ. ಗರಗಸದ ಹಲ್ಲಿನ ಆಕಾರವಾದರೆ ಚೂಪಾದ, ತುಂಬಿದ ದನಿ, ಚೌಕವಾದರೆ ಟೊಳ್ಳು ಬಿದಿರಿನಂಥ ದನಿ. ಎರಡೂ ಆಸಿಲೇಟರನ್ನು ಒಂದೇ ಶ್ರುತಿಗೆ ತಂದು ಒಂದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ನಾದ ದಪ್ಪವಾಗಿ ಅಲೆಯುತ್ತದೆ. ತಂಬೂರಿಯ ಎರಡು ನಡುತಂತಿ ಸೇರಿದಾಗ ಹುಟ್ಟುವ ಅಲೆಯ ಹಾಗೆ.

ಎರಡನೆಯದು ಫಿಲ್ಟರ್. ಪಕ್ಕದ ಬೀದಿಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ನಡೆಯುತ್ತಿದೆ ಎಂದುಕೊಳ್ಳಿ. ಕಿಟಕಿ ಮುಚ್ಚಿದ್ದರೆ ದುಂ ದುಂ ಮಾತ್ರ ಕೇಳುತ್ತದೆ. ಕಿಟಕಿ ತೆರೆಯುತ್ತಾ ಹೋದಂತೆ ಗಿಟಾರ್, ಆಮೇಲೆ ತಾಳದ ಕಿಣಿಕಿಣಿ, ಕೊನೆಗೆ ಹಾಡಿನ ಸಾಹಿತ್ಯದ ಸ, ಶ ಅಕ್ಷರಗಳೂ ಸ್ಪಷ್ಟವಾಗುತ್ತವೆ. ಮುಚ್ಚಿದ ಕಿಟಕಿ ತಾರ ಕಂಪನಗಳನ್ನು ತಡೆದು ಮಂದ್ರವನ್ನು ಬಿಡುತ್ತದೆ. ಫಿಲ್ಟರಿನ ಗುಂಡಿ ಆ ಕಿಟಕಿಯ ಹಿಡಿಕೆ.

ಮೂರನೆಯದು ಎನ್ವಲಪ್, ನಾದ ಹೇಗೆ ಹುಟ್ಟಿ ಹೇಗೆ ಸಾಯಬೇಕು ಎಂಬ ನಿಯಮ. ದೇವಸ್ಥಾನದ ಗಂಟೆ ಬಡಿದ ಕೂಡಲೇ ಪೂರ್ತಿ ಜೋರಿಗೆ ಏರುತ್ತದೆ, ನಿಧಾನವಾಗಿ ಕರಗುತ್ತದೆ. ಪಿಟೀಲು ನಿಧಾನವಾಗಿಯೂ ಏರಬಲ್ಲದು, ಕಮಾನು ಎಳೆಯುವವರೆಗೂ ನಿಲ್ಲುತ್ತದೆ. ಮೃದಂಗದ ಒಂದು ಪೆಟ್ಟು ಏರಿದ್ದು ಇಳಿದೇ ಹೋಗುತ್ತದೆ. ಈ ವ್ಯತ್ಯಾಸವನ್ನು ನಾಲ್ಕು ಗುಂಡಿಗಳು ನೋಡಿಕೊಳ್ಳುತ್ತವೆ. ಅಟ್ಯಾಕ್ ಎಂದರೆ ಏರಲು ಬೇಕಾದ ಸಮಯ, ಡಿಕೇ ಎಂದರೆ ಶಿಖರದಿಂದ ಇಳಿಯುವ ಸಮಯ. ಮನೆ ಒತ್ತಿ ಹಿಡಿದಷ್ಟು ಹೊತ್ತು ನಿಲ್ಲುವ ಮಟ್ಟ ಸಸ್ಟೇನ್, ಬೆರಳೆತ್ತಿದ ಮೇಲೆ ಆರಲು ಹಿಡಿಯುವ ಸಮಯ ರಿಲೀಸ್. ಪ್ರೊ-ಒನ್‌ನಲ್ಲಿ ಇಂಥ ನಾಲ್ಕರ ಗುಂಪು ಎರಡಿವೆ. ಒಂದು ದನಿಯ ಜೋರಿಗೆ, ಇನ್ನೊಂದು ಫಿಲ್ಟರಿನ ಕಿಟಕಿಗೆ.

ಯಾವುದೇ ಉಚಿತ ಸಿಂಥ್ ಆ್ಯಪಿನಲ್ಲಿ ಇದನ್ನು ಪರೀಕ್ಷಿಸಬಹುದು. ಎರಡೂ ಆಸಿಲೇಟರಿಗೆ ಗರಗಸದ ಆಕಾರ ಕೊಟ್ಟು ಒಂದನ್ನು ಇನ್ನೊಂದಕ್ಕಿಂತ ಒಂದು ಸ್ಥಾಯಿ ಕೆಳಗಿಡಿ. ಫಿಲ್ಟರ್ ಕಾಲುಭಾಗ ಮಾತ್ರ ತೆರೆದಿರಲಿ. ಎರಡೂ ಎನ್ವಲಪ್‌ಗಳಲ್ಲಿ ಅಟ್ಯಾಕ್ ಸೊನ್ನೆ, ಡಿಕೇ ಸುಮಾರು 200 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ, ರಿಲೀಸ್ 50 ಮಿಲಿಸೆಕೆಂಡ್. ಫಿಲ್ಟರಿನ ಎನ್ವಲಪ್ ಪ್ರಮಾಣವನ್ನು ಅರ್ಧಕ್ಕೆ ಏರಿಸಿ. ಈಗ ಕೆಳ ಸ್ಥಾಯಿಯ ಒಂದು ಮನೆಯನ್ನು ಟಕ್ ಟಕ್ ಎಂದು ಒತ್ತಿದರೆ ಎಂಬತ್ತರ ದಶಕದ ಪುಟಿಯುವ ಬಾಸ್ ಕೇಳುತ್ತದೆ. 'ಟಕ್' ಬರದೆ ಬರೀ ಗುಂಯ್ ಎಂದರೆ ಸಸ್ಟೇನ್ ಸೊನ್ನೆಯಾಗಿಲ್ಲ. ದನಿಯೇ ಬರದಿದ್ದರೆ ಫಿಲ್ಟರ್ ಪೂರ್ತಿ ಮುಚ್ಚಿದೆ. ಪ್ರತಿ ಸ್ವರದ ಶುರುವಿಗೆ ಚಟ್ ಎಂಬ ಸದ್ದು ಕಿರಿಕಿರಿಯಾದರೆ ಅಟ್ಯಾಕನ್ನು 2–3 ಮಿಲಿಸೆಕೆಂಡಿಗೆ ಏರಿಸಬೇಕು.

ಡ್ರಮ್ಸಿನ ಸದ್ದೂ ಇದೇ ಯಂತ್ರದಿಂದ ಹುಟ್ಟುತ್ತದೆ. ತೀರ ಮಂದ್ರ ಸ್ವರವನ್ನು ಇನ್ನೂ ಕೆಳಕ್ಕೆ ಥಟ್ಟನೆ ಬೀಳಿಸಿದರೆ ದೊಡ್ಡ ಡ್ರಮ್ಮಿನ ಪೆಟ್ಟು. ಸ್ಟೇಷನ್ ಸಿಗದ ರೇಡಿಯೊದ ಸುಯ್ ಸದ್ದನ್ನು 150 ಮಿಲಿಸೆಕೆಂಡಿಗೆ ಕತ್ತರಿಸಿದರೆ ಸ್ನೇರ್ ಡ್ರಮ್. ಅದನ್ನೇ ಇನ್ನೂ ಗಿಡ್ಡ ಮಾಡಿ ಮಂದ್ರ ಕಂಪನಗಳನ್ನು ತೆಗೆದರೆ ಹೈಹ್ಯಾಟಿನ ಚಿಕ್ ಚಿಕ್.

## ಬೆರಳಿನ ಬದಲು ಅಂಕಿ

ಸಿಂಥಸೈಜರ್ ಒಂದೇ ಇದ್ದಿದ್ದರೆ ಅದು ಇನ್ನೊಂದು ಕೀಬೋರ್ಡ್ ಅಷ್ಟೇ. ಒಬ್ಬರೇ ಇಡೀ ತಂಡವಾಗಲು ಬೇಕಾದದ್ದು ಸೀಕ್ವೆನ್ಸರ್.

ರೇಷ್ಮೆ ಸೀರೆ ನೇಯುವ ಜಕಾರ್ಡ್ ಮಗ್ಗವನ್ನು ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಮಗ್ಗದ ಮೇಲೆ ತೂತು ಕೊರೆದ ರಟ್ಟುಗಳ ಸರ ಜೋತುಬಿದ್ದಿರುತ್ತದೆ. ಯಾವ ಎಳೆ ಏಳಬೇಕೆಂದು ತೂತು ಹೇಳುತ್ತದೆ. ನೇಕಾರರು ಅಂಚಿನ ನವಿಲನ್ನು ಪ್ರತಿ ಸಲ ಹೊಸದಾಗಿ ಎಣಿಸಿ ನೇಯುವುದಿಲ್ಲ, ರಟ್ಟು ತಿರುಗಿದಂತೆ ನವಿಲು ಬರುತ್ತದೆ. ಸೀಕ್ವೆನ್ಸರ್ ಎಂಬುದು ಹಾಡಿನ ರಟ್ಟಿನ ಸರ. ಪ್ರೊ-ಒನ್‌ನ ಒಳಗೇ 40 ಸ್ವರ ಹಿಡಿಯುವ ಪುಟ್ಟ ಸೀಕ್ವೆನ್ಸರ್ ಇತ್ತು. ಕ್ಲಾರ್ಕ್ ಇಡೀ ಹಾಡುಗಳಿಗೆ ನೆಚ್ಚಿಕೊಂಡದ್ದು ರೋಲಂಡ್ ಕಂಪನಿಯ ಎಂಸಿ-4 ಎಂಬ ಪೆಟ್ಟಿಗೆಯನ್ನು. ನೋಡಲು ಅಂಗಡಿಯ ದೊಡ್ಡ ಕ್ಯಾಲ್ಕುಲೇಟರಿನಂತೆ, ವಾದ್ಯದ ಚಹರೆಯೇ ಇಲ್ಲ. ನಾಲ್ಕು ಚಾನಲ್, ಅಂದರೆ ನಾಲ್ಕು ಸಿಂಥಸೈಜರುಗಳನ್ನು ಒಂದೇ ಸಲ ನುಡಿಸಬಲ್ಲದು.

ಪ್ರತಿ ಸ್ವರಕ್ಕೂ ಮುಖ್ಯವಾಗಿ ಮೂರು ಅಂಕಿ ಒತ್ತಬೇಕು. ಯಾವ ಸ್ವರ, ಮುಂದಿನ ಸ್ವರಕ್ಕೆ ಎಷ್ಟು ಹೊತ್ತು, ಆ ಹೊತ್ತಿನಲ್ಲಿ ನಾದ ಎಷ್ಟು ಕಾಲ ತೆರೆದಿರಬೇಕು.

ಸ್ವರದ ಅಂಕಿ ನಮಗೆ ಸುಲಭ, ಏಕೆಂದರೆ ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ ಎಂಬ ಲೆಕ್ಕ ಸಂಗೀತ ಪಾಠದಲ್ಲೇ ಬರುತ್ತದೆ. ಷಡ್ಜವನ್ನು 0 ಎಂದಿಟ್ಟರೆ ಚತುಶ್ರುತಿ ರಿಷಭ 2, ಅಂತರ ಗಾಂಧಾರ 4, ಪಂಚಮ 7, ಚತುಶ್ರುತಿ ದೈವತ 9, ಮೇಲಿನ ಷಡ್ಜ 12. ಮೋಹನದ ಆರೋಹಣ ಬೇಕೆಂದರೆ 0, 2, 4, 7, 9, 12 ಎಂದು ಒತ್ತಿದರಾಯಿತು. ಸಮಯಕ್ಕೆ ಒಂದು ಬೀಟನ್ನು ಸಾಮಾನ್ಯವಾಗಿ 120 ಭಾಗ ಮಾಡಿಕೊಳ್ಳುತ್ತಿದ್ದರು. ಬೀಟಿಗೆ ಎರಡು ಸ್ವರ ಬೇಕಾದರೆ ಒಂದಕ್ಕೆ 60, ನಾಲ್ಕು ಬೇಕಾದರೆ 30. ಮೂರನೆಯ ಅಂಕಿ 60ರ ಸ್ವರಕ್ಕೆ 55 ಎಂದಿದ್ದರೆ ಸ್ವರಗಳು ಅಂಟಿಕೊಂಡು ಹರಿಯುತ್ತವೆ, 15 ಎಂದಿದ್ದರೆ ಹನಿ ಹನಿಯಾಗಿ ಉದುರುತ್ತವೆ. ಯಾಜೂ ಹಾಡುಗಳ ಕುಣಿತವೆಲ್ಲ ಈ ಮೂರನೆಯ ಅಂಕಿಯಲ್ಲಿದೆ. ಅದೇ ಸ್ವರ, ಅದೇ ವೇಗ ಇದ್ದರೂ ಗಿಡ್ಡ ಮಾಡಿದ ಸ್ವರ ಕಾಲನ್ನು ಅಲ್ಲಾಡಿಸುತ್ತದೆ.

ಪೆಟ್ಟಿಗೆಯಿಂದ ಸಿಂಥಸೈಜರಿಗೆ ಸಂದೇಶ ಹೋಗುವುದು ವೋಲ್ಟೇಜಿನ ರೂಪದಲ್ಲಿ. ಒಂದು ವೋಲ್ಟ್ ಹೆಚ್ಚಿದರೆ ಒಂದು ಸ್ಥಾಯಿ ಮೇಲೆ. ಹಾಗಾದರೆ ಒಂದು ಸ್ವರಸ್ಥಾನಕ್ಕೆ ವೋಲ್ಟಿನ ಹನ್ನೆರಡನೇ ಒಂದು ಪಾಲು, ಸುಮಾರು 83 ಮಿಲಿವೋಲ್ಟ್. ಇದರ ಜೊತೆಗೆ ಇನ್ನೊಂದು ತಂತಿಯಲ್ಲಿ 'ಈಗ ತೆರೆ, ಈಗ ಮುಚ್ಚು' ಎಂಬ ಸೂಚನೆ ಹೋಗುತ್ತದೆ, ಅದಕ್ಕೆ ಗೇಟ್ ಎನ್ನುತ್ತಾರೆ.

ಇಲ್ಲಿ ನಮ್ಮ ಕಿವಿಗೆ ಒಂದು ಕೊರತೆ ತಟ್ಟುತ್ತದೆ. ಅಂಕಿಯಿಂದ ಅಂಕಿಗೆ ಹಾರುವ ಈ ಪದ್ಧತಿಯಲ್ಲಿ ಗಮಕವಿಲ್ಲ. ಗ್ಲೈಡ್ ಎಂಬ ಗುಂಡಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ, ಅಷ್ಟೇ. ಕುತೂಹಲದ ಸಂಗತಿ ಎಂದರೆ 1982ರಲ್ಲೇ, ಯಾಜೂ ಮೊದಲ ಆಲ್ಬಮ್ ತಂದ ವರ್ಷದಲ್ಲೇ, ಮುಂಬೈನ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ ರೋಲಂಡ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿದ ಒಂದು ರೆಕಾರ್ಡ್ ತಂದರು. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಅಚ್ಚರಿಯಿಂದ ಕೇಳಿತು.

## ಏನೇನು ಕೆಡುತ್ತಿತ್ತು

ಯಂತ್ರ ನುಡಿಸಿದರೆ ತಪ್ಪೇ ಇಲ್ಲ ಎಂದುಕೊಳ್ಳುವುದು ಸಹಜ. ಆ ಕಾಲದ ಯಂತ್ರಗಳ ವಿಷಯದಲ್ಲಿ ಅದು ನಿಜವಲ್ಲ.

ಮೊದಲ ಕಾಟ ಶ್ರುತಿಯದು. ವೋಲ್ಟೇಜನ್ನು ಸ್ವರವಾಗಿ ಬದಲಿಸುವ ಟ್ರಾನ್ಸಿಸ್ಟರುಗಳು ಶಾಖಕ್ಕೆ ತಕ್ಕಂತೆ ವರ್ತನೆ ಬದಲಿಸುತ್ತವೆ. ಮಳೆಗಾಲದಲ್ಲಿ ಮೃದಂಗ ಇಳಿಯುವಂತೆ, ಯಂತ್ರ ಬೆಚ್ಚಗಾದಂತೆ ಶ್ರುತಿ ಸರಿಯುತ್ತಿತ್ತು. ಸ್ವಿಚ್ ಹಾಕಿ ಅರ್ಧ ಗಂಟೆ ಬಿಟ್ಟು ಆಮೇಲೆ ಶ್ರುತಿ ಮಾಡುವುದು ರೂಢಿ. ಇನ್ನೂ ಮೋಸದ್ದು ಸ್ಥಾಯಿಯ ಅಳತೆ. ಒಂದು ವೋಲ್ಟಿಗೆ ಸರಿಯಾಗಿ ಒಂದು ಸ್ಥಾಯಿ ಏರಬೇಕು. ಶೇಕಡಾ ಒಂದು ತಪ್ಪಿದರೂ ಮೂರು ಸ್ಥಾಯಿ ಮೇಲೆ ಹೋಗುವಷ್ಟರಲ್ಲಿ ಒಂದು ಸ್ವರಸ್ಥಾನದ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಪಶ್ರುತಿ. ಕೆಳಗಿನ ಷಡ್ಜ ಸರಿಯಿದೆ, ಮೇಲಿನ ಷಡ್ಜ ಸೇರುತ್ತಿಲ್ಲ ಎಂದರೆ ಶ್ರುತಿ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ಒಳಗಿನ ಸಣ್ಣ ತಿರುಪನ್ನೇ ಸರಿಪಡಿಸಬೇಕು.

ಎರಡನೆಯದು ಲೆಕ್ಕದ ತಪ್ಪು. ನಾಲ್ಕು ಬೀಟಿನ ಒಂದು ಆವರ್ತಕ್ಕೆ 480 ಭಾಗ. ಒಂದು ಚಾನಲಿನಲ್ಲಿ ಎಲ್ಲೋ 60ರ ಬದಲು 59 ಒತ್ತಿದರೆ ಆ ಆವರ್ತ 479ಕ್ಕೇ ಮುಗಿಯುತ್ತದೆ. ಮೊದಲ ಸಲ ಕಿವಿಗೆ ಗೊತ್ತಾಗುವುದಿಲ್ಲ. ಅದೇ ಆವರ್ತ 50 ಸಲ ಮರಳಿದರೆ ಬಾಸ್ ಉಳಿದ ವಾದ್ಯಗಳಿಗಿಂತ 50 ಭಾಗ, ಅಂದರೆ ಹೆಚ್ಚುಕಡಿಮೆ ಅರ್ಧ ಬೀಟು ಮುಂದೆ ಓಡಿರುತ್ತದೆ. ಜಕಾರ್ಡ್ ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಇಡೀ ಸೀರೆಯುದ್ದಕ್ಕೂ ಅದೇ ತಪ್ಪು ಬರುವಂತೆ.

ಮೂರನೆಯದು ನೆನಪು. ಎಂಸಿ-4ರ ಸ್ಮೃತಿ ವಿದ್ಯುತ್ ಇರುವವರೆಗೆ ಮಾತ್ರ. ಕರೆಂಟ್ ಹೋದರೆ ಹಾಡೂ ಹೋಯಿತು. ಕೆಲಸ ಮುಗಿಸುವ ಮೊದಲು ಎಲ್ಲ ಅಂಕಿಗಳನ್ನೂ ಕ್ಯಾಸೆಟ್ಟಿಗೆ ಇಳಿಸಿಡಬೇಕಿತ್ತು.

ಇವತ್ತಿನ ಕೀಬೋರ್ಡುಗಳಿಗೆಲ್ಲ ಸಾಮಾನ್ಯ ಭಾಷೆಯಾಗಿರುವ ಮಿಡಿ ಆಗಿನ್ನೂ ಬಂದಿರಲಿಲ್ಲ. ಅದನ್ನು ಸಾರ್ವಜನಿಕವಾಗಿ ತೋರಿಸಿದ್ದು 1983ರ ಜನವರಿಯಲ್ಲಿ. ಅಲ್ಲಿಯವರೆಗೆ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದು ಕಂಪನಿಯ ಸಿಂಥಸೈಜರಿನ ಮಾತು ತಿಳಿಯುತ್ತದೆ ಎಂಬ ಖಾತ್ರಿಯಿರಲಿಲ್ಲ. ಕ್ಲಾರ್ಕ್ ಮಾತ್ರ ಮಿಡಿ ಬಂದ ಮೇಲೂ ವೋಲ್ಟೇಜಿನ ಹಳೆಯ ಪದ್ಧತಿಗೇ ಒಲಿದವರು. ಅದರ ಕಾಲಪ್ರಮಾಣ ಹೆಚ್ಚು ಬಿಗಿ ಎಂಬುದು ಅವರ ಅನುಭವ.

## ಇಗರ್ಜಿಯೊಳಗಿನ ಸ್ಟುಡಿಯೊ

ಯಾಜೂ ಹಾಡುಗಳು ಧ್ವನಿಮುದ್ರಣವಾದದ್ದು ಲಂಡನ್ನಿನ ಸದರ್ಕ್ ಪ್ರದೇಶದ ಬ್ಲ್ಯಾಕ್‌ವಿಂಗ್ ಸ್ಟುಡಿಯೊದಲ್ಲಿ. ಯುದ್ಧಕಾಲದ ಬಾಂಬಿಗೆ ತುತ್ತಾಗಿ, ಪೂಜೆ ನಿಂತುಹೋಗಿದ್ದ ಒಂದು ಇಗರ್ಜಿಯ ಕಟ್ಟಡ ಅದು. ನಡೆಸುತ್ತಿದ್ದವರು ಎರಿಕ್ ರ‍್ಯಾಡ್‌ಕ್ಲಿಫ್. ಮೊದಲ ಆಲ್ಬಮಿನ ಹೆಸರು 'ಅಪ್‌ಸ್ಟೇರ್ಸ್ ಅಟ್ ಎರಿಕ್ಸ್', ಎಂದರೆ 'ಎರಿಕ್ ಮನೆಯ ಮಹಡಿ ಮೇಲೆ'. ಆ ಎರಿಕ್ ಇವರೇ. ಸ್ಟುಡಿಯೊವನ್ನು ಬೇರೆಯವರು ಮೊದಲೇ ಕಾಯ್ದಿರಿಸಿದ್ದರಿಂದ ಅವರು ಬರುವ ಮುಂಚಿನ ಬೆಳಗಿನ ಹೊತ್ತಿನಲ್ಲಿ ಇವರು ಕೆಲಸ ಮಾಡುತ್ತಿದ್ದರು. ರೆಕಾರ್ಡ್ ಹೊರತಂದದ್ದು ಮ್ಯೂಟ್ ಕಂಪನಿ. ಡೇನಿಯಲ್ ಮಿಲ್ಲರ್ ಎಂಬವರು 1978ರಲ್ಲಿ ತಮ್ಮದೇ ಒಂದು ರೆಕಾರ್ಡ್ ಹೊರಡಿಸಲು ಹುಟ್ಟುಹಾಕಿದ ಸಣ್ಣ ಸಂಸ್ಥೆ.

ಒಂದೇ ಸ್ವರ ನುಡಿಯುವ ಯಂತ್ರದಿಂದ ಇಡೀ ಹಾಡು ಮಾಡುವುದು ಪದರದ ಕೆಲಸ. ದಪ್ಪ ಟೇಪಿನ ಮೇಲೆ ಸಮಾಂತರವಾಗಿ ಹಲವು ಟ್ರ್ಯಾಕುಗಳಿರುತ್ತವೆ. ಮೊದಲು ಅಂಚಿನ ಒಂದು ಟ್ರ್ಯಾಕಿಗೆ ಗಡಿಯಾರದ ಸಂಕೇತ ಇಳಿಸಬೇಕು, ಕೇಳಿದರೆ ಹಳೆಯ ಫ್ಯಾಕ್ಸ್ ಯಂತ್ರದ ಕಿರುಚಾಟದಂತಿರುತ್ತದೆ. ಟೇಪು ಓಡಿದಾಗ ಸೀಕ್ವೆನ್ಸರ್ ಆ ಸಂಕೇತ ಓದಿ ಹೆಜ್ಜೆ ಹಾಕುತ್ತದೆ. ಹಾಗಾಗಿ ಬಾಸನ್ನು ಒಂದು ದಿನ, ಮೇಲಿನ ಮಟ್ಟನ್ನು ಇನ್ನೊಂದು ದಿನ ನುಡಿಸಿದರೂ ಕಾಲಪ್ರಮಾಣ ಕೂದಲಷ್ಟೂ ತಪ್ಪುವುದಿಲ್ಲ. ಸಂಕೇತದ ಪಕ್ಕದ ಟ್ರ್ಯಾಕನ್ನು ಆದಷ್ಟು ಖಾಲಿ ಬಿಡುತ್ತಾರೆ, ಇಲ್ಲದಿದ್ದರೆ ಕಿರುಚಾಟ ಹಾಡಿಗೆ ಸೋರುತ್ತದೆ. ಮೂರು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕೆಂದರೆ ಒಂದೊಂದೇ ಸ್ವರವನ್ನು ಮೂರು ಸಲ ನುಡಿಸಿ ಮೂರು ಟ್ರ್ಯಾಕಿಗೆ ಇಳಿಸಬೇಕು.

ಇದು ನಿಧಾನದ ಕೆಲಸ, ಆದರೆ ಇದರಿಂದ ಒಂದು ಲಾಭವಾಯಿತು. ಟ್ರ್ಯಾಕುಗಳು ಬೆರಳೆಣಿಕೆಯಷ್ಟೇ ಇರುವಾಗ ಬೇಡದ್ದನ್ನು ತುಂಬಲು ಯಾರಿಗೂ ಮನಸ್ಸಾಗುವುದಿಲ್ಲ. 'ಓನ್ಲಿ ಯೂ' ಕೇಳುವಾಗ ಒಂದೊಂದು ಎಳೆಯನ್ನೂ ಬಿಡಿಸಿ ಹೇಳಬಹುದು. ಮೇಲೆ ಗಂಟೆಯಂತೆ ಉದುರುವ ಸಣ್ಣ ಸ್ವರಗಳು, ಕೆಳಗೆ ಬಾಸ್, ನಡುವೆ ಅಗಲವಾದ ಖಾಲಿ ಜಾಗ. ಆ ಜಾಗದಲ್ಲಿ ದನಿ ಕೂರುತ್ತದೆ.

## ಆ ದನಿ ಯಾಕೆ ಹೊಂದಿತು

ಅದುವರೆಗಿನ ಎಷ್ಟೋ ಸಿಂಥ್‌ಪಾಪ್ ಗಾಯಕರು ಯಂತ್ರಕ್ಕೆ ತಕ್ಕಂತೆ ತಾವೂ ಭಾವವನ್ನು ಹಿಡಿದಿಟ್ಟು, ಚಪ್ಪಟೆಯಾಗಿ ಹಾಡುತ್ತಿದ್ದರು. ಮೊಯೆಟ್ ಹಾಡಿದ್ದು ಬ್ಲೂಸ್ ಹಾಡಿದಂತೆಯೇ. ಹೆಣ್ಣುದನಿಯಲ್ಲಿ ತಗ್ಗು ಸ್ಥಾಯಿಯದು, ಅಂಚು ಒರಟು, ಉಸಿರಿನ ತುಂಬ ನೋವು. ಯಂತ್ರ ಅಂಕಿಗೆ ಕಟ್ಟುಬಿದ್ದು ನಡೆಯುವಾಗ ಇವರು ಬೀಟಿಗಿಂತ ಕೊಂಚ ಹಿಂದೆ ನಿಂತು, ಸ್ವರವನ್ನು ಕೆಳಗಿನಿಂದ ಎಳೆದು ತರುತ್ತಾರೆ. ಯಂತ್ರದಲ್ಲಿ ಇಲ್ಲದ ಜಾರು, ಕಂಪನ ಎಲ್ಲವೂ ದನಿಯಲ್ಲಿತ್ತು. ಯಾಜೂವನ್ನು ಆ ಕಾಲದ ಉಳಿದ ತಂಡಗಳಿಂದ ಬೇರೆ ಮಾಡಿದ್ದು ಈ ಒಂದೇ ಸಂಗತಿ. ಇದಕ್ಕಿಂತ ಹೊಂದುವ ಜೋಡಿ ಆ ದಶಕದಲ್ಲಿ ಮತ್ತೆ ಬರಲಿಲ್ಲ ಎಂದೇ ಹೇಳಬೇಕು.

ಮಟ್ಟು ಗಟ್ಟಿಯಿದೆಯೋ, ಯಂತ್ರದ ಮೆರುಗಷ್ಟೆಯೋ ಎಂಬ ಅನುಮಾನಕ್ಕೂ ಉತ್ತರ ಸಿಕ್ಕಿತು. 1983ರ ಕ್ರಿಸ್‌ಮಸ್ ಹೊತ್ತಿಗೆ ಫ್ಲೈಯಿಂಗ್ ಪಿಕೆಟ್ಸ್ ಎಂಬ ಗುಂಪು 'ಓನ್ಲಿ ಯೂ' ಹಾಡನ್ನು ವಾದ್ಯವೇ ಇಲ್ಲದೆ, ಸಿಂಥಸೈಜರಿನ ಎಳೆಗಳನ್ನೂ ಬಾಯಲ್ಲೇ ಹಾಡಿ ಪಟ್ಟಿಯ 1ನೇ ಸ್ಥಾನಕ್ಕೆ ಒಯ್ದಿತು. ಯಾಜೂವಿನ ಸ್ವಂತ ರೂಪ 2ನೇ ಸ್ಥಾನದಲ್ಲಿ ನಿಂತಿತ್ತು.

## ಏರಿದ್ದು ಎಷ್ಟು ವೇಗ

'ಓನ್ಲಿ ಯೂ' ಬಂದದ್ದು 1982ರ ಮಾರ್ಚಿನಲ್ಲಿ. ಆ ರೆಕಾರ್ಡಿನ ಹಿಂಬದಿಯಲ್ಲಿ ಇದ್ದದ್ದೇ 'ಸಿಚುಯೇಷನ್', ಆ ನಗುವಿನ ಹಾಡು. ಅಮೆರಿಕದ ಡಾನ್ಸ್ ಕ್ಲಬ್ಬುಗಳು ಹಿಂಬದಿಯನ್ನೇ ಮುಂದಕ್ಕೆ ತಂದವು, ಅಲ್ಲಿನ ಡಾನ್ಸ್ ಪಟ್ಟಿಯಲ್ಲಿ ಅದು 1ನೇ ಸ್ಥಾನ ಮುಟ್ಟಿತು. ಜುಲೈಯಲ್ಲಿ 'ಡೋಂಟ್ ಗೋ' ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ, ಆಗಸ್ಟಿನಲ್ಲಿ ಆಲ್ಬಮ್ 2ನೇ ಸ್ಥಾನಕ್ಕೆ. ನವೆಂಬರಿನ ಮೂರನೆಯ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, 13ಕ್ಕೆ ನಿಂತಿತು. 1983ರ ಬ್ರಿಟ್ ಪ್ರಶಸ್ತಿಗಳಲ್ಲಿ ಹೊಸಬರಿಗೆ ಕೊಡುವ ಗೌರವ ಇವರಿಗೆ ಬಂತು. ಮೇ ತಿಂಗಳಲ್ಲಿ ಮೊಯೆಟ್ ಹದಿಹರೆಯದಲ್ಲಿ ಬರೆದಿದ್ದ 'ನೋಬಡೀಸ್ ಡೈರಿ' ಮತ್ತೆ 3ನೇ ಸ್ಥಾನಕ್ಕೆ ಏರಿತು. ಜುಲೈಯಲ್ಲಿ ಎರಡನೆಯ ಆಲ್ಬಮ್ 'ಯೂ ಅಂಡ್ ಮೀ ಬೋತ್' ಬಂದು 1ನೇ ಸ್ಥಾನ ಹಿಡಿಯಿತು.

ಅಷ್ಟರಲ್ಲಿ ತಂಡವೇ ಇರಲಿಲ್ಲ.

## ಗೆದ್ದ ತಂಡ ಯಾಕೆ ಒಡೆಯಿತು

ಜಗಳ, ಹಣ, ಮೋಸ ಎಂದು ಹುಡುಕುವ ಅಗತ್ಯವಿಲ್ಲ. ಇಬ್ಬರೂ ಮುಂದೆ ಹಲವು ಸಲ ಹೇಳಿಕೊಂಡದ್ದು ಒಂದೇ: ಅವರು ಪರಸ್ಪರ ಮಾತಾಡಲಿಲ್ಲ.

ಸಾಮಾನ್ಯ ತಂಡವೊಂದು ಹೆಸರು ಮಾಡುವ ಮುಂಚೆ ವರ್ಷಗಟ್ಟಲೆ ಒಂದೇ ವ್ಯಾನಿನಲ್ಲಿ ತಿರುಗುತ್ತದೆ, ಒಂದೇ ಕೋಣೆಯಲ್ಲಿ ಅಭ್ಯಾಸ ಮಾಡುತ್ತದೆ. ನಾಟಕ ಕಂಪನಿಯ ಕ್ಯಾಂಪಿನಂತೆ ಮುನಿಸು ಅಲ್ಲೇ ಹುಟ್ಟಿ ಅಲ್ಲೇ ತೀರುತ್ತದೆ. ಯಾಜೂವಿಗೆ ಆ ಕಾಲ ಸಿಗಲಿಲ್ಲ. ಒಂದು ಹಾಡಿನ ಮಾದರಿ ಮುದ್ರಿಸಲು ಸೇರಿದವರು ಕೆಲವೇ ತಿಂಗಳಲ್ಲಿ ದೇಶಕ್ಕೆಲ್ಲ ಗೊತ್ತಾದ ಜೋಡಿಯಾದರು. ನಡುವೆ ಮಾತು ಸಾಗಿಸಲು ಮೂರನೆಯ ಸದಸ್ಯನಿರಲಿಲ್ಲ. ಮೊದಲೇ ಮಿತಭಾಷಿಯಾಗಿದ್ದ ಕ್ಲಾರ್ಕ್ ಒಂದು ತಂಡದಿಂದ ಹೊರಬಂದ ಗಾಯ ಹೊತ್ತು ಬಂದಿದ್ದರು. ಮೊಯೆಟ್‌ಗೆ ಇದೆಲ್ಲವೂ ಮೊದಲ ಸಲ.

ಕೆಲಸದ ರೀತಿಯೂ ಇಬ್ಬರನ್ನು ದೂರವಿಟ್ಟಿತು. ಅಂಕಿ ಒತ್ತುವುದಕ್ಕೆ ಒಬ್ಬರು ಸಾಕು, ಟೇಪಿನಲ್ಲಿ ಗಡಿಯಾರವಿದ್ದರೆ ಇನ್ನೊಬ್ಬರು ಯಾವಾಗ ಬಂದು ಹಾಡಿದರೂ ನಡೆಯುತ್ತದೆ. ಎರಡನೆಯ ಆಲ್ಬಮ್ ಮಾಡುವ ಮನಸ್ಸೇ ಕ್ಲಾರ್ಕ್‌ಗೆ ಇರಲಿಲ್ಲ, ಒತ್ತಾಯಕ್ಕೆ ಒಪ್ಪಿದರು. ಅದರ ಬಹುಪಾಲು ಕೆಲಸ ನಡೆದದ್ದು ಹಾಗೇ: ಕ್ಲಾರ್ಕ್ ಸಂಗೀತ ಇಳಿಸಿ ಹೋಗುವುದು, ಆಮೇಲೆ ಮೊಯೆಟ್ ಬಂದು ದನಿ ಕೂಡಿಸುವುದು. 'ನಾವಿಬ್ಬರೂ' ಎಂಬ ಅರ್ಥದ ಹೆಸರಿನ ಆಲ್ಬಮನ್ನು ಇಬ್ಬರೂ ಹೆಚ್ಚಾಗಿ ಒಟ್ಟಿಗೆ ಕೂರದೆಯೇ ಮುಗಿಸಿದರು.

## ಆಮೇಲೆ

ಕ್ಲಾರ್ಕ್ ಎರಿಕ್ ರ‍್ಯಾಡ್‌ಕ್ಲಿಫ್ ಜೊತೆ ಸೇರಿ ಪ್ರತಿ ಹಾಡಿಗೆ ಬೇರೆ ಬೇರೆ ಗಾಯಕರನ್ನು ಕರೆಯುವ ಯೋಚನೆ ಮಾಡಿದರು. ಅದರಿಂದ ಬಂದ ಒಂದು ಸಿಂಗಲ್ 1983ರ ಕೊನೆಗೆ 4ನೇ ಸ್ಥಾನ ಮುಟ್ಟಿತು, ಯೋಜನೆ ಅಲ್ಲಿಗೇ ನಿಂತಿತು. 1985ರಲ್ಲಿ ಗಾಯಕ ಬೇಕೆಂದು ಈ ಸಲ ಅವರೇ 'ಮೆಲೊಡಿ ಮೇಕರ್'ನಲ್ಲಿ ಜಾಹೀರಾತು ಕೊಟ್ಟರು. ಬಂದವರಲ್ಲಿ ಆ್ಯಂಡಿ ಬೆಲ್ ಆಯ್ಕೆಯಾದರು. ಆ ಜೋಡಿಯೇ ಇರೇಷರ್. ಮತ್ತೆ ಅದೇ ಇಬ್ಬರ ಪದ್ಧತಿ, ಆದರೆ ಇದು ದಶಕಗಟ್ಟಲೆ ಬಾಳಿತು. ಮೊಯೆಟ್ ಒಬ್ಬರೇ ಹಾಡಿದ ಮೊದಲ ಆಲ್ಬಮ್ 'ಆಲ್ಫ್' 1984ರಲ್ಲಿ ಬಂದು ಬ್ರಿಟನ್ನಿನಲ್ಲಿ 1ನೇ ಸ್ಥಾನಕ್ಕೇರಿತು. ಆಲ್ಫ್ ಎಂಬುದು ಅವರ ಅಡ್ಡಹೆಸರು.

2008ರಲ್ಲಿ, ಇಪ್ಪತ್ತೈದು ವರ್ಷದ ಬಳಿಕ, ಇಬ್ಬರೂ ಸೇರಿ ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ಪ್ರವಾಸ ಮಾಡಿದರು. ಎರಡನೆಯ ಆಲ್ಬಮ್ ಬರುವ ಮೊದಲೇ ಬೇರೆಯಾಗಿದ್ದರಿಂದ ಅದರ ಹಾಡುಗಳನ್ನು ಒಂದೇ ವೇದಿಕೆಯಲ್ಲಿ ನಿಂತು ಕೇಳಿಸುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದಿದ್ದ ಆ ಆಲ್ಬಮಿನ ಹಾಡುಗಳು ವೇದಿಕೆ ಕಂಡದ್ದು ಆ ಪ್ರವಾಸದಲ್ಲಿ.